ಬಾಕಾಹು ಬಂದ ದಾರಿ

ಎಂಗಳ ಹೊಸ ಸೊಸೆ ಅಡಿಗೆಮನೆಲಿ ಭರಣಿಗಳ ಮೇಗಾಣ ಚೀಟಿ ಓದಿಗೊಂಡು ಬಪ್ಪಗ ಒಂದರ ಹತ್ತರೆ ನಿಂದು, "ಅತ್ತೇ, ಈ ಬಾಕಾಹು ಹೇಳಿರೆ ಎಂತರ? ಜಪಾನಿಂದ ತರುಸಿದ್ದೋ?" ಹೇಳಿ ಕೇಳಿತ್ತು. ಬೆಂಗ್ಳೂರಿಲಿ ಬೆಳದ ಕೂಸು, ಅದರ ತಪ್ಪಲ್ಲ. ಬಾಳೆಯ ಬಾ, ಕಾಯಿಯ ಕಾ, ಹುಡಿಯ ಹು. ಬಾಳೆಕಾಯಿ ಹುಡಿ. ನಮ್ಮ ಬಾಯಿಲಿ ಅದು ಹೊಡಿ, ಹಾಂಗಾಗಿ ನಿಜಕ್ಕಾದರೆ 'ಬಾಕಾಹೊ' ಹೇಳಿ ಆಯೆಕ್ಕಾತು! ಹೆಸರು ಮಡುಗಿದ್ದು ಬರವಣಿಗೆ ಕನ್ನಡಲ್ಲಿ, ಹಾಂಗೇ ಊರಿಡೀ ಹಬ್ಬಿತ್ತು.

ಅದಕ್ಕೆ ಉತ್ತರ ಹೇಳುವಗ ಎನಗೇ ಚೋದ್ಯ ಆತು. 2021ರ ಮಳೆಗಾಲಲ್ಲಿ ಪುತ್ತೂರು, ವಿಟ್ಲ, ಸುಳ್ಯಂದ ಹಿಡುದು ಆಚಿಕೆ ಶಿರಸಿವರೆಗೆ ಹೆಮ್ಮಕ್ಕಳ ಬಾಯಿಲಿ ಇದೇ ಮಾತು ಇತ್ತು. ಅಷ್ಟು ಬೇಗ ಹೊಸಬರಿಂಗೆ ಗೊಂತಿಲ್ಲದ್ದ ಸಂಗತಿ ಆಗಿಹೋತನ್ನೆ. ಅಜ್ಜಿಯಕ್ಕಳ ಹಪ್ಪಳದ ಕಥೆ ಎಷ್ಟೋ ತಲೆಮಾರು ಒಳುದತ್ತು. ಇದು ನಾಲ್ಕೈದು ವರ್ಷಕ್ಕೇ ಮರದು ಹೋದರೆ ಹೇಂಗೆ? ಇದರ ಚರಿತ್ರೆ ಇಪ್ಪದು ಪುಸ್ತಕಲ್ಲಿ ಅಲ್ಲ, ನಮ್ಮ ನಮ್ಮ ಫೋನಿನ ಒಳ. ಫೋನು ಹಾಳಾದರೆ ಅದೂ ಹೋತು. ಹಾಂಗಾಗಿ ಒಂದರಿ ಬರದು ಮಡುಗುವ ಹೇಳಿ ಕೂದೆ. ರಜ್ಜ ಹಿಂದಂಗೆ ಹೋಯೆಕ್ಕಾವ್ತು. ಒಲೆಲಿ ಎಂತಾರು ಮಡುಗಿದ್ದರೆ ಇಳುಗಿಕ್ಕಿ ಬನ್ನಿ.

ಎನ್ನ ಅಜ್ಜಿಯ ಕಾಲಲ್ಲಿ ಹಾಳುಮಾಡದ್ದೆ ಒಳುಶುದಕ್ಕೆ ಪರಿಸರ ಗಿರಿಸರ ಹೇಳಿ ದೊಡ್ಡ ಹೆಸರು ಎಂತದೂ ಇತ್ತಿಲ್ಲೆ. ಮಳೆಗಾಲಕ್ಕೆ ಕೂಡಿ ಮಡುಗುದು, ಅಷ್ಟೆ. ಹಲಸಿನಕಾಯಿ ಬೆಳದಪ್ಪಗ ಹಪ್ಪಳ, ಭರಣಿಲಿ ಉಪ್ಪಿನಸೊಳೆ, ಬೇಳೆ ಬೇಶಿ ಒಣಗಿಸಿದ ಸಾಂತಾಣಿ, ಮಾವಿನಹಣ್ಣಿನ ಮಾಂಬಳ, ಬಾಳ್ಕು ಮೆಣಸು. ಅಟ್ಟಲ್ಲಿ ಎಂತ ಇದ್ದು ಹೇಳಿ ನೋಡಿರೆ ಆ ಮನೆಯ ಯಜಮಾಂತಿ ಹೇಂಗಿಪ್ಪವು ಹೇಳಿ ಗೊಂತಕ್ಕು.

ಹಪ್ಪಳ ಒಬ್ಬರಿಂದ ಅಪ್ಪ ಕೆಲಸ ಅಲ್ಲ. ಸೊಳೆ ಬಿಡುಸುಲೆ ಜೆನ ಬೇಕು, ಬೇಶಿ ಗುದ್ದುಲೆ ಜೆನ ಬೇಕು, ಉಂಡೆ ಮಾಡ್ಲೆ ಒಬ್ಬ, ಮಣೆಲಿ ಒತ್ತುಲೆ ಇಬ್ರು, ಜಾಲಿಂಗೆ ಹೊತ್ತು ಒಣಗುಲೆ ಹಾಕುಲೆ ಮಕ್ಕೊ. ಇಂದು ನಮ್ಮಲ್ಲಿ, ನಾಳೆ ಆಚಮನೆಲಿ, ನಾಳ್ತು ಕೆಳಾಣ ಮನೆಲಿ. ಮುಯ್ಯಿ ಲೆಕ್ಕ. ಅದರಲ್ಲಿ ಇನ್ನೊಂದು ವಿಷಯ ಇದ್ದು, ಎನಗೆ ಅರ್ಥ ಆದ್ದು ಈಗ. ಹಪ್ಪಳ ಒಣಗುದು ಜಾಲಿಲಿ, ದಾರಿಲಿ ಹೋಪವಕ್ಕೆಲ್ಲ ಕಾಂಬ ಹಾಂಗೆ. ಕೆಳಾಣ ಮನೆ ಜಾಲಿಲಿ ಹಸೆ ಹಾಸಿದ್ದು ಕಂಡರೆ ಮೇಗಾಣ ಮನೆ ಅಜ್ಜಿ ಅಂದೇ ಹೊತ್ತೋಪಗ ಹಲಸಿನಕಾಯಿ ಕೊಯ್ಶುಗು. "ಅವರದ್ದು ಆತು, ನಮ್ಮದು ಇನ್ನುದೇ ಮರಲ್ಲೇ ಇದ್ದು" ಹೇಳಿ ಒಂದು ಬೆಶಿ. ಆರೂ ಆರಿಂಗೂ ಬುದ್ಧಿ ಹೇಳಿದ್ದಿಲ್ಲೆ, ಭಾಷಣ ಮಾಡಿದ್ದಿಲ್ಲೆ. ಕಂಡತ್ತು, ಮಾಡಿತ್ತು.

ಬುದ್ಧಿ ಹೇಳುಲೆ ಬಂದದು ರೇಡಿಯೋ. 1965ರಲ್ಲಿ ಒಂದು ಹೊಡೆಲಿ ಪಾಕಿಸ್ತಾನದ ಒಟ್ಟಿಂಗೆ ಯುದ್ಧ, ಇನ್ನೊಂದು ಹೊಡೆಲಿ ಮಳೆ ಕೈಕೊಟ್ಟು ಬರಗಾಲ. ದೇಶಲ್ಲಿ ಆಹಾರ ಸಾಕಾವ್ತಿಲ್ಲೆ, ಅಮೆರಿಕಂದ ಪಿ.ಎಲ್. 480 ಹೇಳ್ತ ಯೋಜನೆಲಿ ಹಡಗಿಲಿ ಬಪ್ಪ ಗೋಧಿಯ ನಂಬಿ ಕೂಪ ಕಾಲ. ಅಂಬಗ ಪ್ರಧಾನಿ ಆಗಿದ್ದ ಲಾಲ್ ಬಹಾದುರ್ ಶಾಸ್ತ್ರಿ, ವಾರಲ್ಲಿ ಒಂದು ಹೊತ್ತಿನ ಊಟ ಬಿಡಿ ಹೇಳಿ ದೇಶದ ಜೆನಂಗಳ ಹತ್ರೆ ಕೇಳಿಗೊಂಡವು. ಸೋಮವಾರ ಹೊತ್ತೋಪಗ ಹೋಟ್ಲುಗೊ ಸಾನ ಬಾಗಿಲು ಹಾಕಿದವು. ಎಂಗಳ ಊರಿಲಿ ರೇಡಿಯೋ ಇದ್ದದು ಪಟೇಲರ ಮನೆಲಿ ಒಂದೇ. ಅಲ್ಲಿ ಕೇಳಿದ್ದರ ಅಜ್ಜ ಮನೆಗೆ ಬಂದು ಹೇಳಿಯಪ್ಪಗ ಅಜ್ಜಿ, "ಏಕಾದಶಿ ಮಾಡುವವಕ್ಕೆ ಸೋಮವಾರ ಒಂದು ದೊಡ್ಡದೋ" ಹೇಳಿತ್ತಡ. ಮಾಡಿದವುದೇ.

ಆದರೆ ರೇಡಿಯೋಲಿ ದಿಲ್ಲಿ ಮಾತಾಡುಗು, ಮನೆ ಕೇಳುಗು. ಮನೆ ಮಾತಾಡಿರೆ ದಿಲ್ಲಿಗೆ ಕೇಳ. ಆಚಮನೆಯವು ಸೋಮವಾರ ಇರುಳು ಉಂಡಿದವೋ ಬಿಟ್ಟಿದವೋ ಹೇಳ್ತದೂ ಗೊಂತಾಗ. ಕಾಲ ಸುಧಾರಿಸಿಯಪ್ಪಗ ಆ ವ್ರತವೂ ತನ್ನಷ್ಟಕ್ಕೆ ನಿಂದತ್ತು. ಒಳುದ್ದು ಗೋಧಿ. ರೇಶನಿಲಿ ಬಂದ ಗೋಧಿಯ ಎಂತ ಮಾಡೆಕ್ಕು ಹೇಳಿ ಸುರುವಿಂಗೆ ಅಜ್ಜಿಗೆ ಅರಡಿಯ. ಅಬ್ಬೆಯ ಕಾಲಕ್ಕೆ ಚಪಾತಿ, ಎಂಗಳ ಕಾಲಕ್ಕೆ ಮೈದದ ಬಿಸ್ಕೆಟು. ಹಲಸಿನ ಮರದಡಿಲಿ ಹಣ್ಣು ಬಿದ್ದು ಕೊಳದು ನೊಣ ಹಾರುದು, ನಾವು ಪೇಟೆಂದ ತಂದ ಗೋಧಿಹೊಡಿ ಕಲಸುದು. ಗೇಸು ಬಂದು ಒಲೆ ಹೋತು, ಮಕ್ಕೊ ಬೆಂಗ್ಳೂರಿಂಗೆ ಹೋದವು, ಮುಯ್ಯಿಗೆ ಬಪ್ಪಲೆ ಜೆನವೇ ಇಲ್ಲದ್ದೆ ಆತು. ಎನ್ನ ಕೇಳಿರೆ ಹಪ್ಪಳ ಕಮ್ಮಿ ಆದ್ದು ಹೆಮ್ಮಕ್ಕೊಗೆ ಉದಾಸಿನ ಬಂದು ಅಲ್ಲ. ಒಟ್ಟಿಂಗೆ ಕೂಪವು ಇಲ್ಲದ್ದೆ.

ಎಡಕ್ಕಿಲಿ ಒಂದು ಒಳ್ಳೆ ಕೆಲಸ ಆತು. 1988ರಲ್ಲಿ ಪುತ್ತೂರಿಂದ ಅಡಿಕೆ ಪತ್ರಿಕೆ ಹೆರ ಬಪ್ಪಲೆ ಸುರುವಾತು. ಕೃಷಿಕನ ಕೈಗೇ ಲೇಖನಿ ಕೊಡ್ತದು ಅದರ ಕ್ರಮ. ಶ್ರೀಪಡ್ರೆಯವರ ಹೆಸರು ನಿಂಗೊಗೆಲ್ಲ ಗೊಂತಿಕ್ಕು, ಮಳೆನೀರಿನ ಬಗ್ಗೆ, ಹಲಸಿನ ಬಗ್ಗೆ ಬರದು ಬರದು ಜೆನಂಗೊ ಕಣ್ಣು ಬಿಟ್ಟು ನೋಡುವ ಹಾಂಗೆ ಮಾಡಿದವು. ಕೊಳದು ಹೋಪ ಹಲಸಿಂದಲೂ ಎಷ್ಟೆಲ್ಲ ಮಾಡ್ಲೆ ಎಡಿಗು ಹೇಳಿ ವರ್ಷಗಟ್ಲೆ ಆ ಪತ್ರಿಕೆಲಿ ಬಂತು. ಮತ್ತೆ 2018ರಲ್ಲಿ ಕೇರಳ ಸರ್ಕಾರ ಹಲಸಿನ ರಾಜ್ಯದ ಹಣ್ಣು ಹೇಳಿ ಘೋಷಣೆಯೇ ಮಾಡಿತ್ತನ್ನೆ.

ಎಂಗಳ ಮನೆಲಿ ಪತ್ರಿಕೆ ಬಂದರೆ ಸುರುವಿಂಗೆ ಮಾವ ಜೆಗಿಲಿಲಿ ಕೂದು ಓದುಗು. ಅವು ಅಡಕ್ಕೆ ರೋಗದ ಪುಟ ಓದಿಕ್ಕಿ ಮಡುಗಿದ ಮೇಲೆ ಅದು ಅಡಿಗೆಮನೆಗೆ ಬಕ್ಕು. ಅದರಲ್ಲಿ ಓದಿ ಎನಗೊಂದು ಸಂಶಯ ಬಂದು ಕಾಗದ ಹಾಕಿರೆ, ಉತ್ತರ ಬಪ್ಪಗ ಹಲಸಿನ ಕಾಲವೇ ಮುಗುದಿಕ್ಕು. ತಿಂಗಳಿಂಗೊಂದರಿ ಬಪ್ಪ ಪತ್ರಿಕೆಗೆ ಅಷ್ಟೇ ಎಡಿಗಷ್ಟೆ. ಅದು ದೋಷ ಅಲ್ಲ, ಆದರೆ ಜಾಲಿಲಿ ಹಾಸಿದ ಹಸೆ ಅಲ್ಲ ಅದು.

ಹಸೆಯ ಕೆಲಸ ಮಾಡಿದ್ದು ಫೋನು. ಅದೂ ಕೂಡ್ಲೆ ಅಲ್ಲ. 2016ರ ಸೆಪ್ಟೆಂಬರಿಲಿ ಜಿಯೋ ಬಂದು ಡೇಟಾ ಅಗ್ಗ ಆದ ಮತ್ತೆ ಹೆಮ್ಮಕ್ಕಳ ಕೈಗೂ ಒಂದೊಂದು ಸ್ಮಾರ್ಟ್ ಫೋನು ಬಂತು. ಹೆಚ್ಚಿನವಕ್ಕೂ ಮಕ್ಕೊ ಬಿಟ್ಟ ಹಳೆ ಫೋನು! ಸುರುವಾಣ ಎರಡು ವರ್ಷ ಅದರಲ್ಲಿ ಬಂದದು ಗುಲಾಬಿ ಹೂಗಿನ ಶುಭೋದಯವೇ. ಕನ್ನಡಲ್ಲಿ ಟೈಪು ಮಾಡ್ಲೆ ಎಡಿಯದ್ದವಕ್ಕೆ ಒಂದು ದೊಡ್ಡ ಉಪಕಾರ ಆದ್ದು ಆ ಮೈಕಿನ ಚಿತ್ರ ಒತ್ತಿ ಮಾತಾಡಿ ಕಳುಸುದು. ಅಕ್ಷರ ಬೇಡ, ಕನ್ನಡ್ಕ ಬೇಡ, ನಮ್ಮ ಭಾಷೆಲೇ ಹೇಳ್ಲಕ್ಕು. ಎನ್ನ ಅಬ್ಬೆ ಎಂಬತ್ತರ ಹತ್ತರೆ ಇಪ್ಪಗ ಅದರ ಕಲ್ತತ್ತು. ಸುರುವಿಂಗೆ ಫೋನಿನ ಬಾಯಿ ಹತ್ತರೆ ಹಿಡುದು ಬೊಬ್ಬೆ ಹೊಡಗು.

ಅಬ್ಬೆಗೆ ಅದರ ಕಲುಶಿದ್ದು 2020. ಮಾರ್ಚ್ 25ಕ್ಕೆ ದೇಶ ಇಡೀ ಬಾಗಿಲು ಹಾಕಿತ್ತು. ಎಂಗೊಗೆ ಅದರ ಒಟ್ಟಿಂಗೆ ಇನ್ನೊಂದು ಬಾಗಿಲೂ ಬಿದ್ದತ್ತು. ಎನ್ನ ಅಪ್ಪನ ಮನೆ ಪೆರ್ಲದ ಹೊಡೆಲಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ್ದಾದರೂ ನವಗೆ ಅದು ಬೇರೆ ರಾಜ್ಯ ಹೇಳಿ ಅನಿಸಿದ್ದೇ ಇಲ್ಲೆ, ಮದುವೆ ಮುಂಜಿ ಬಯಕೆ ಬಾಳಂತನ ಎಲ್ಲ ಗಡಿಯ ಆಚೀಚೆ. ಆ ಮಾರ್ಚಿಲಿ ತಲಪಾಡಿಲಿ ರಸ್ತೆ ಮುಚ್ಚಿದವು, ಒಳದಾರಿಗೊಕ್ಕೆ ಮಣ್ಣು ತಂದು ರಾಶಿ ಹಾಕಿದವು. ಸಾರಡ್ಕ ದಾಟಿರೆ ಸಿಕ್ಕುವ ಅಬ್ಬೆಯ ಕಾಂಬಲೆ ಎಡಿಯ. 2021ರಲ್ಲಿ ದಾರಿ ಬಿಟ್ಟರೂ ಮೂಗಿಂಗೆ ಕಡ್ಡಿ ಹಾಕಿ ಪರೀಕ್ಷೆ ಮಾಡುಸಿದ ಸರ್ಟಿಫಿಕೇಟು ಇದ್ದರೆ ಮಾತ್ರ. ಹಾಂಗೆ ಎಂಗಳ ಕುಟುಂಬದ ಹೆಮ್ಮಕ್ಕಳ ಗುಂಪು ಗುಲಾಬಿ ಹೂಗಿನ ಬಿಟ್ಟು ಮಾತಾಡ್ಲೆ ಸುರು ಮಾಡಿತ್ತು. ಇಂದು ಎಂತ ಅಡಿಗೆ, ಎಂತ ಮುಗುದತ್ತು, ಎಂತ ಇದ್ದು.

ಏಪ್ರಿಲ್ 27ರಿಂದ ಕರ್ನಾಟಕಲ್ಲಿ ಎರಡ್ನೇ ಸರ್ತಿ ಬಂದಾತು. ಜೆಂಬಾರಂಗೊ ನಿಂದವು, ಜಾತ್ರೆ ನಿಂದತ್ತು, ಹೋಟ್ಲು ನಿಂದತ್ತು. ಬಾಳೆಗೊನೆ ಆರಿಂಗೆ ಬೇಕು? ಅಡಕ್ಕೆ ತೋಟದ ಎಡಕ್ಕಿಲಿ ಬೆಳದ ನೇಂದ್ರ ಗೊನೆ ಕಡುದು ಪೇಟೆಗೆ ತೆಕ್ಕೊಂಡು ಹೋದರೆ ರಿಕ್ಷಾದ ಬಾಡಿಗೆಯೂ ಹುಟ್ಟ. ಅಕ್ಕಿಯ ಹಾಂಗೆ ಕೂಡಿ ಮಡುಗುಲೂ ಎಡಿಯ, ನಾಲ್ಕು ದಿನಲ್ಲಿ ಹಣ್ಣಾಗಿ ಕಪ್ಪಾವ್ತು. ಎಂಗಳ ಆಚಮನೆ ಭಾವ ಗೊನೆಗಳ ದನಗೊಕ್ಕೆ ಹಾಕಿದವು. ಅದುದೇ ತಿಂದು ತಿಂದು ಬೇಡ ಹೇಳಿತ್ತು.

ಅಂಬಗ ಅಡಿಕೆ ಪತ್ರಿಕೆಯವು ಆಲಪ್ಪುಳೆಯ ಕಡೆಂಗೆ ನೋಡಿದವು. ಕೇರಳಲ್ಲಿ ಬಾಳೆಕಾಯಿ ಹೊಡಿ ಹೊಸತ್ತಲ್ಲ. ಕುನ್ನನ್ ಹೇಳ್ತ ಜಾತಿಯ ಕಾಯಿಯ ಒಣಗಿಸಿ ಹೊಡಿ ಮಾಡಿ ಸಣ್ಣಮಕ್ಕೊಗೆ ಮಣ್ಣಿ ಮಾಡಿ ಕೊಡ್ತ ಕ್ರಮ ಅಲ್ಲಿ ಮದಲಿಂದಲೇ ಇದ್ದು. ಆಲಪ್ಪುಳೆಯ ಕೃಷಿ ವಿಜ್ಞಾನ ಕೇಂದ್ರದ ಸಹಾಯಲ್ಲಿ ಅಲ್ಯಾಣ ಒಬ್ಬ ಗೃಹಿಣಿ ಇದರ ಮನೆಲೇ ಮಾಡಿ ಮಾರಿಗೊಂಡಿತ್ತಿದ್ದವು. ಅವರ ಅನುಭವವ ಇಲ್ಯಾಣ ಹೆಮ್ಮಕ್ಕೊಗೆ ವಾಟ್ಸಾಪಿಲೇ ಕಲುಶುವ ಏರ್ಪಾಡು ಆತು. ಸಭಾಂಗಣ ಇಲ್ಲೆ, ಚಾ ಇಲ್ಲೆ, ಹಾರ ಇಲ್ಲೆ. ಉದಿಯಪ್ಪಗಾಣ ಕೆಲಸ ಮುಗುಶಿ, ಒಗ್ಗರಣೆ ಕೈಯ ಸೀರೆ ಸೆರಗಿಲಿ ಉದ್ದಿಕ್ಕಿ ನೋಡ್ಲಕ್ಕು. ಎನಗೆ ಮಲೆಯಾಳ ರಜ್ಜ ಗೊಂತಿದ್ದು, ಪುತ್ತೂರಿಲಿ ಹುಟ್ಟಿದವಕ್ಕೆ ಅದುದೇ ಇಲ್ಲೆ. ಎಂಗಳ ಗುಂಪಿಲಿ ಪೆರ್ಲದ ಅತ್ತಿಗೆ ಕೇರಳದ ವೀಡಿಯೋಗಳ ನೋಡಿಕ್ಕಿ ಹವ್ಯಕಲ್ಲಿ ಮಾತಾಡಿ ಕಳುಸುಗು. ಮಣ್ಣು ಹಾಕಿದ ಗಡಿ, ಅದರ ಮೇಲಂದ ಆಲಪ್ಪುಳೆಯ ಅಡಿಗೆ ಹಾರಿ ಬಂದ ಹಾಂಗೆ ಆತು.

ಕ್ರಮ ಹೇಳಿಬಿಡ್ತೆ, ಸೊಸೆಗೂ ಬೇಕಕ್ಕು. ಬೆಳದ ಕಾಯಿಯೇ ಆಯೆಕ್ಕು, ಹಣ್ಣಪ್ಪಲೆ ಸುರುವಾದ್ದು ಆಗ, ಅಂಟುತ್ತು. ಚೋಲಿ ತೆಗದು (ಕೆಲವು ಜೆನ ಚೋಲಿ ಸಮೇತ ಮಾಡ್ತವು, ಎನಗೆ ಒಗರು ಹಿತ ಆತಿಲ್ಲೆ) ತೆಳೂವಿಂಗೆ ಕೊರದು, ಉಪ್ಪು ಹಾಕಿದ ಅಶನದ ತೆಳಿಲಿ ರಜ್ಜ ಹೊತ್ತು ಮುಳುಗುಸಿ ಮಡುಗೆಕ್ಕು. ಹಾಂಗೆ ಮಾಡಿರೆ ಕಪ್ಪಾವ್ತಿಲ್ಲೆ. ಮತ್ತೆ ನೀರು ಬಸುದು ಒಣಗುಸುದು. ಹಿಡುದು ಮುರುದರೆ ಟಕ್ ಹೇಳೆಕ್ಕು. ಮಿಕ್ಸಿಲಿ ಹೊಡಿ ಮಾಡಿ ಜರಡಿ ಹಿಡುದು ಗಾಳಿ ಹೋಗದ್ದ ಭರಣಿಲಿ ತುಂಬುಸುದು. ಎನಗೆ ನಾಲ್ಕು ಕಿಲೋ ಕಾಯಿಗೆ ಒಂದು ಕಿಲೋದಷ್ಟು ಸಿಕ್ಕಿತ್ತು. ಅಕ್ಕಿಯ ಒಟ್ಟಿಂಗೆ ಅರ್ಧಕ್ಕರ್ಧ ಸೇರ್ಸಿ ತೆಳ್ಳವು, ಗೋಧಿಹೊಡಿಯ ಒಟ್ಟಿಂಗೆ ಚಪಾತಿ, ಬೆಲ್ಲ ತುಪ್ಪ ಹಾಕಿ ಉಂಡೆ.

ಈ ಕ್ರಮ ಒಂದು ಕರಪತ್ರಲ್ಲಿ ಬಂದಿದ್ದರೆ ನಾವೆಲ್ಲ ಮಡುಸಿ ಕೆಲೆಂಡರಿನ ಹಿಂದೆ ಸಿಕ್ಕುಸಿಕ್ಕು. ಗುಂಪಿಲಿ ಆದ್ದು ಬೇರೆ. ಇಂದು ಉದಿಯಪ್ಪಗ ಸುಳ್ಯದ ಚಿಕ್ಕಮ್ಮನ ತಟ್ಟೆಯ ತೆಳ್ಳವಿನ ಪಟ ಬಕ್ಕು. ಹನ್ನೊಂದು ಗಂಟೆಗೆ ವಿಟ್ಲದ ಅಕ್ಕ ಗುಲಾಬ್ ಜಾಮೂನು ಮಾಡಿ ತೋರುಸುಗು. ಹೊತ್ತೋಪಗ ಒಬ್ಬರ ಹೊಡಿ ಕಪ್ಪಾಗಿಕ್ಕು, ಅದರ ಪಟವನ್ನೂ ಹಾಕುಗು, "ಇದೆಂತಕೆ ಹೀಂಗಾತು?" ಹತ್ತು ನಿಮಿಷಲ್ಲಿ ಮೂರು ಜೆನ ಉತ್ತರ ಹೇಳುಗು. ಅದಾ, ಕೆಳಾಣ ಮನೆ ಜಾಲಿಲಿ ಹಸೆ ಹಾಸಿದವು! ನಾವುದೇ ಕಾಯಿ ಕೊಯ್ಯೆಕ್ಕು! ಅದೇ ಬೆಶಿ, ಅದೇ ಕೊಶಿ. ಒಂದು ಗುಂಪಿಲಿ 256 ಜೆನ ಮಾತ್ರ ಹಿಡಿಗು ಆ ಕಾಲಲ್ಲಿ, ಜಾಗೆ ಸಿಕ್ಕದ್ದವು ಇನ್ನೊಂದು ಗುಂಪು ಕಟ್ಟಿಗೊಂಡವು. 'ಬಾಕಾಹು' ಹೇಳ್ತ ಮೂರಕ್ಷರದ ಹೆಸರು ದೊಡ್ಡ ಕೆಲಸ ಮಾಡಿತ್ತು ಹೇಳಿ ಎನ್ನ ಅಭಿಪ್ರಾಯ. ಬಾಳೆಕಾಯಿ ಹೊಡಿ ಹೇಳಿದ್ದರೆ ಅಜ್ಜಿಮದ್ದಿನ ಹಾಂಗೆ ಕೇಳ್ತಿತು. ಬಾಕಾಹು ಹೇಳಿಯಪ್ಪಗ ಕಾಲೇಜಿಂಗೆ ಹೋಪ ಕೂಸುಗಳೂ ತಲೆ ಎತ್ತಿ ನೋಡಿದವು.

2021ರ ಜುಲೈ 25ಕ್ಕೆ, ಆಯಿತ್ಯವಾರ, ಪ್ರಧಾನಿ ನರೇಂದ್ರ ಮೋದಿಯವು ರೇಡಿಯೋದ 'ಮನ್ ಕಿ ಬಾತ್'ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯ ಹೆಮ್ಮಕ್ಕೊ ಬಾಳೆದಂಡಿಂದ ನಾರು ತೆಗವ ವಿಷಯ ಹೇಳಿ, ಅದರ ಬೆನ್ನಿಂಗೇ ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೆಮ್ಮಕ್ಕಳ ಬಾಳೆಕಾಯಿ ಹೊಡಿ, ದೋಸೆ, ಗುಲಾಬ್ ಜಾಮೂನು ಹೇಳಿ ಹೇಳಿದವು. ಅಬ್ಬೆ ಕೂಡ್ಲೆ ವಾಯ್ಸ್ ಕಳುಸಿತ್ತು: "ಅಂದು ದಿಲ್ಲಿಯವು ಎಂಗೊಗೆ ಉಣ್ಣೆಡಿ ಹೇಳಿದವು, ಇಂದು ಎಂಗೊ ಎಂತ ಉಣ್ತೆಯೊ ಹೇಳಿ ದಿಲ್ಲಿಗೆ ಗೊಂತಾತು." ಅಬ್ಬೆಗೆ ಹೀಂಗಿಪ್ಪದು ಲಾಯ್ಕ ಬಕ್ಕು.

ಎಲ್ಲವೂ ಹೂಗಿನ ಹಾಸಿಗೆ ಆಗಿತ್ತಿಲ್ಲೆ, ಅದನ್ನೂ ಹೇಳೆಕ್ಕು. ಸುರುವಾದ್ದೇ ಆಟಿ ತಿಂಗಳ ಮಳೆಲಿ. ಬೆಶಿಲು ಎಲ್ಲಿದ್ದು? ಡ್ರೈಯರು ಇದ್ದವಕ್ಕೆ ಸುಲಾಬ, ಇಲ್ಲದ್ದವು ಒಲೆ ಮೇಗಾಣ ಅಟ್ಟಲ್ಲಿ, ಅಡಕ್ಕೆ ಒಣಗುಸುವ ಗೂಡಿಲಿ ಒಣಗುಸಿದವು, ಹೊಗೆ ವಾಸನೆ ಬಂತು. ಸಕ್ಕರೆಕಾಯಿಲೆ ಗುಣ ಆವ್ತು ಹೇಳಿ ಬಂದ ಮೆಸೇಜುಗಳ ಆನು ಆರಿಂಗೂ ಮುಂದೆ ಕಳುಸಿದ್ದಿಲ್ಲೆ. ಹಸಿಕಾಯಿಲಿ ಬೇಗ ಜೀರ್ಣ ಆಗದ್ದ ಪಿಷ್ಟ ಇದ್ದು ಹೇಳ್ತದು ಸತ್ಯ, ಆದರೆ ಬೇಶಿಯಪ್ಪಗ ಅದು ಕಮ್ಮಿ ಆವ್ತು, ಮದ್ದು ಬಿಟ್ಟು ತೆಳ್ಳವು ತಿಂಬದು ಮೂರ್ಖತನ. ಇನ್ನೊಂದು, ಈ ಕಾಯಿ ಕೊರವದು, ಒಣಗುಸುದು ಎಲ್ಲ ಆರ ತಲೆಗೆ ಬಂತು? ಮೊದಲೇ ಮನೆ ತುಂಬ ಜೆನ, ಕೆಲಸದವು ಇಲ್ಲೆ, ಮಕ್ಕೊಗೆ ಆನ್‌ಲೈನ್ ಕ್ಲಾಸು. ಗುಂಪಿಲಿ ಪಟ ಕಂಡು ಮೆಚ್ಚಿದ ಗೆಂಡುಮಕ್ಕಳಲ್ಲಿ ಕತ್ತಿ ಹಿಡುದವು ಎಷ್ಟು ಜೆನ ಹೇಳಿ ಆನು ಕೇಳ್ತಿಲ್ಲೆ, ನಿಂಗೊಗೆ ಗೊಂತಿದ್ದು. ಮದಲಾಣ ಮುಯ್ಯಿಲಿ ನಾಲ್ಕು ಕೈ ಬಂದು ಕೆಲಸ ಹಂಚಿಗೊಂಡಿತ್ತು. ಫೋನಿಲಿ ಹುರುಪು ಹಂಚುಲೆ ಎಡಿಗು, ಸೊಳೆ ಬಿಡುಸುಲೆ ಎಡಿಯ.

ಬಂದ್ ಮುಗುದತ್ತು, ಜೆಂಬಾರಂಗೊ ಸುರುವಾದವು, ಗೊನೆಗೆ ಕ್ರಯ ಬಂತು. ಎಂಗಳ ಗುಂಪಿಲಿ ಬಾಕಾಹುವಿನ ಪಟ ಕಮ್ಮಿ ಆಗಿ, ಪುನಃ ಗುಲಾಬಿ ಹೂಗು ಬಂತು. ಅದು ಸೋಲು ಹೇಳಿ ಕೆಲವು ಜೆನ ಹೇಳುಗು, ಆನು ಒಪ್ಪುತ್ತಿಲ್ಲೆ. ಎಂಗಳ ಹತ್ತರಾಣ ಎಂಟು ಮನೆಲಿ ಮೂರು ಮನೆಯವು ಈಗಳೂ ಮಾಡ್ತವು, ಗೊನೆ ಹೆಚ್ಚಾದಪ್ಪಗ ಮಾತ್ರ. ಒಬ್ಬ ತಂಗೆ ಬೆಂಗ್ಳೂರಿಲಿಪ್ಪ ನೆಂಟ್ರಿಂಗೆ ಪೇಕೆಟು ಮಾಡಿ ಕೊಡ್ತು. ದನಗೊಕ್ಕೆ ಗೊನೆ ಹಾಕಿದ ಭಾವನ ಮನೆಲಿ ಎರಡು ಭರಣಿ ಏವಗಳೂ ಇರ್ತು. ಶಾಸ್ತ್ರಿಯವರ ಸೋಮವಾರ ಮನೆಂದ ಹೆರ ಹೋತು, ಇದು ಅಟ್ಟಲ್ಲಿ ಜಾಗೆ ಮಾಡಿಗೊಂಡತ್ತು. ಕಷ್ಟಕಾಲದ ವ್ರತ ಆಗಿ ಬಂದದು ರುಚಿ ಆಗಿ ಒಳುದತ್ತು, ಅದೇ ವ್ಯತ್ಯಾಸ.

ಅಬ್ಬೆ 2023ರಲ್ಲಿ ತೀರಿ ಹೋತು. ಅದಾಗಿ ರಜ್ಜ ಸಮಯಲ್ಲಿ ಎನ್ನ ಫೋನಿನ ಬ್ಯಾಟ್ರಿ ಬೀಗಿ ಫೋನೇ ಹೋತು, ಅದರೊಟ್ಟಿಂಗೆ ಅಬ್ಬೆಯ ಸ್ವರವೂ. ಆದರೆ ಅಬ್ಬೆ ಮಾತಾಡಿದ್ದು ಎನಗೊಬ್ಬಂಗೆ ಅಲ್ಲ, ಗುಂಪಿಂಗೆ. ಸುಳ್ಯದ ಚಿಕ್ಕಮ್ಮನ ಮಗಳ ಫೋನಿಲಿ ಹನ್ನೊಂದು ವಾಯ್ಸ್ ಇತ್ತು. ಅದು ಎಲ್ಲವನ್ನೂ ಕಳುಸಿತ್ತು. ಈಗ ಆನು ದಿನಕ್ಕೊಂದರ ಕೇಳಿ ಬರೆ ಪುಸ್ತಕಲ್ಲಿ ಬರೆತ್ತಾ ಇದ್ದೆ, ಉಪ್ಪಿನಸೊಳೆಗೆ ಉಪ್ಪು ಎಷ್ಟು, ಸಾಂತಾಣಿ ಎಷ್ಟು ಬೆಶಿಲು, ಎಲ್ಲ. ಏಳು ಆಯಿದು. ನಿಂಗಳ ಫೋನಿಲಿ ನಿಂಗಳ ಅಬ್ಬೆ, ಅತ್ತೆ, ಅಜ್ಜಿ ಹೀಂಗೆ ಹೇಳಿದ್ದು ಎಂತಾರು ಇದ್ದರೆ ಬರದು ಎನಗೊಂದು ಪ್ರತಿ ಕಳುಸಿ. ಎಂಟನೆದರಲ್ಲಿ ಅಬ್ಬೆ, ಬಾಳೆಕಾಯಿ ತೆಳಿಲಿ ಹಾಕಿದ ಮತ್ತೆ "ಎರಡು ಎಸಳು ಮಜ್ಜಿಗೆ ಎರದರೆ ಇನ್ನೂ ಬೆಳಿ ಬತ್ತು" ಹೇಳ್ತು. ಎಸಳು ಹೇಳಿದ್ದೋ ಸೌಟು ಹೇಳಿದ್ದೋ ಸರಿ ಕೇಳ್ತಿಲ್ಲೆ, ಹಿಂದಂದ ಕೋಳಿ ಕೂಗುತ್ತು. ಬಪ್ಪ ವಾರ ನೇಂದ್ರ ಗೊನೆ ಕಡಿವಲಿದ್ದು, ಸೊಸೆ ಎರಡೂ ನಮೂನೆಲಿ ಮಾಡಿ ನೋಡ್ತೆ ಹೇಳಿದ್ದು.